ಫಿಲ್ಟರ್ ಬದಲಿಸದೆ ಎಸ್‌ಟಿಪಿ ನೀರು ತಿಳಿಯಾದ ಬಗೆ

ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ನಾನು ನೋಡಿಕೊಳ್ಳುವ ವಸತಿ ಸಮುಚ್ಚಯದಲ್ಲಿ ಇನ್ನೂರು ಚಿಲ್ಲರೆ ಮನೆಗಳಿವೆ. ನೆಲಮಾಳಿಗೆಯಲ್ಲಿ 120 ಕೆಎಲ್‌ಡಿ (ದಿನಕ್ಕೆ 1.2 ಲಕ್ಷ ಲೀಟರ್) ಎಸ್‌ಟಿಪಿ, ಎಂದರೆ ಕೊಳಚೆ ಸಂಸ್ಕರಣಾ ಘಟಕ; ಮಾಮೂಲಿ ಎಕ್ಸ್‌ಟೆಂಡೆಡ್ ಏರೇಷನ್, ಗಾಳಿಯೂದಿ ಬ್ಯಾಕ್ಟೀರಿಯಾ ಬೆಳೆಸಿ ಕೊಳೆ ತಿನ್ನಿಸುವ ಬಗೆ. ದಿನಕ್ಕೆ ಲಕ್ಷ ಲೀಟರಿನ ಆಸುಪಾಸು ಕೊಳಚೆ ಬರುತ್ತದೆ. ಸಂಸ್ಕರಿಸಿದ ನೀರು ಕಂದು ಬಣ್ಣ, ಜೊತೆಗೆ ವಾಸನೆ. ಫ್ಲಶ್‌ಗೂ ಬೇಡವೆಂದು ನಿವಾಸಿಗಳು ಆ ಕೊಳವೆಯನ್ನೇ ಬಂದ್ ಮಾಡಿಸಿ ಟ್ಯಾಂಕರ್ ನೀರು ಬಿಡಿಸಿಕೊಂಡಿದ್ದರು. ನೋಡಲು ಬಂದ ಗುತ್ತಿಗೆದಾರರದೆಲ್ಲ ಒಂದೇ ಮಾತು: ಅಲ್ಟ್ರಾಫಿಲ್ಟ್ರೇಷನ್ (ಅತಿ ಸೂಕ್ಷ್ಮ ರಂಧ್ರಗಳ ಪೊರೆಯ ಫಿಲ್ಟರ್) ಹಾಕಿಸಿ. ಅತ್ಯಂತ ಅಗ್ಗದ ಕೊಟೇಷನ್ 14 ಲಕ್ಷ. ನಾನು ಖರ್ಚು ಮಾಡಿಸಿದ್ದು ಅರವತ್ತು ಸಾವಿರದೊಳಗೆ.

2024ರ ಮಾರ್ಚ್ ನೆನಪಿರಬಹುದು. ಕೊಳವೆ ಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿಗೆ ನಾವು ಎರಡು ಸಾವಿರದವರೆಗೂ ಕೊಟ್ಟಿದ್ದೇವೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಎತ್ತಿ ತರುವ ಕಾವೇರಿ ನಮ್ಮ ರಸ್ತೆಗೆ ಆಗ ಬಂದೇ ಇರಲಿಲ್ಲ. ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಘಟಕ ಸರಿಪಡಿಸಲು ಮೊದಲು ನಡೆದದ್ದು ಕಲ್ಚರ್ ಪುಡಿಯ, ಎಂದರೆ ಬ್ಯಾಕ್ಟೀರಿಯಾ ಪುಡಿಯ ಪ್ರಯೋಗ. ತಿಂಗಳಿಗೆ ಹನ್ನೆರಡು ಸಾವಿರದಂತೆ ಅರ್ಧ ವರ್ಷ ಸುರಿದರು. ಹಾಕಿದ ವಾರ ನೀರು ಚೆನ್ನಾಗಿ ಕಾಣುವುದು, ಮುಂದಿನ ವಾರ ಯಥಾಪ್ರಕಾರ. ಆಮೇಲೆ ಆಲಂ (ಪಟಿಕ). ಬಣ್ಣ ಇಳಿಯಿತು, ಆದರೆ ಮರಳು ಫಿಲ್ಟರ್ ದಿನಕ್ಕೆ ಮೂರು ಸಲ ಬ್ಯಾಕ್‌ವಾಷ್ (ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವುದು) ಕೇಳತೊಡಗಿತು. ಆ ನೀರೆಲ್ಲ ಮತ್ತೆ ಈಕ್ವಲೈಸೇಷನ್ ಟ್ಯಾಂಕಿಗೇ (ಬಂದ ಕೊಳಚೆ ಮೊದಲು ಸೇರುವ ಟ್ಯಾಂಕ್) ಬಂದು ಹೊರೆ ಹೆಚ್ಚಿತು. ಇಂಗಾಲದ ಫಿಲ್ಟರಿನ ಇದ್ದಿಲು ಬದಲಿಸಲು ಎಂಬತ್ತು ಸಾವಿರ ಹೋಯಿತು, ಅದೂ ಎರಡು ತಿಂಗಳಲ್ಲಿ ಕೆಸರುಗಟ್ಟಿತು. ಹೈಪೋ (ಕ್ಲೋರಿನ್ ದ್ರಾವಣ) ಎಷ್ಟು ಹಾಕಿದರೂ ವಾಸನೆಯ ಮೇಲೆ ಇನ್ನೊಂದು ವಾಸನೆ ಕೂರುತ್ತಿತ್ತು, ಅಷ್ಟೇ.

ಒಂದು ಲೀಟರಿನ ಜಾರಿನಲ್ಲಿ ಏರೇಷನ್ ಟ್ಯಾಂಕಿನ ನೀರು ಹಿಡಿದು ಅರ್ಧ ಗಂಟೆ ಇಟ್ಟರೆ ತಳದಲ್ಲಿ ನಿಂತದ್ದು ಎಂಬತ್ತು ಎಂಎಲ್ ಸ್ಲಡ್ಜ್, ಎಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು; ಇರಬೇಕಾದದ್ದಕ್ಕಿಂತ ತೀರಾ ಕಡಿಮೆ. ಸ್ಲಡ್ಜ್ ಎಲ್ಲಿ ಹೋಗುತ್ತಿದೆ? ಬೆಳಿಗ್ಗೆ ಏಳೂವರೆಗೆ ಕ್ಲಾರಿಫೈಯರ್ (ಸ್ಲಡ್ಜ್ ತಳಕ್ಕಿಳಿದು ನೀರು ತಿಳಿಯಾಗುವ ಟ್ಯಾಂಕ್) ಬಳಿ ನಿಂತರೆ ಉತ್ತರ ಕಣ್ಣೆದುರೇ ಇತ್ತು: ಮುದ್ದೆ ಮುದ್ದೆಯಾಗಿ ಅಂಚು ದಾಟಿ ಹೋಗುತ್ತಿತ್ತು. ಈಕ್ವಲೈಸೇಷನ್ ಟ್ಯಾಂಕಿನ ಪಂಪ್ ಗಂಟೆಗೆ ಹದಿನೈದು ಸಾವಿರ ಲೀಟರ್ ಎತ್ತುತ್ತದೆ, ಕ್ಲಾರಿಫೈಯರ್ ತಾಳುವುದು ಆರು ಸಾವಿರ. ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ ಎದ್ದಾಗ ಪಂಪ್ ಓಡುತ್ತದೆ, ಇಳಿದಾಗ ನಿಲ್ಲುತ್ತದೆ. ರಾತ್ರಿಯಂತೂ ಸದ್ದಾಗುತ್ತದೆಂದು ಗಾಳಿಯೂದುವ ಬ್ಲೋವರನ್ನೂ ಆರಿಸುತ್ತಿದ್ದರು. ಬೆಳಿಗ್ಗೆ ಕೊಚ್ಚಿಸಿ, ರಾತ್ರಿ ಉಸಿರುಗಟ್ಟಿಸಿ, ಮೇಲೆ ಪುಡಿ ಹಾಕಿದರೆ ಯಾವ ಬ್ಯಾಕ್ಟೀರಿಯಾ ಉಳಿಯುತ್ತದೆ?

ವಾಲ್ವ್ ತಿರುಗಿಸಿ ಹರಿವು ಕಡಿಮೆ ಮಾಡೋಣವೆಂದರೆ ಕೂದಲು, ವೆಟ್ ವೈಪ್ ಸಿಕ್ಕಿ ಗಂಟೆಯೊಳಗೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಏರೇಷನ್ ಟ್ಯಾಂಕಿನ ಮೇಲೆ ಎಫ್‌ಆರ್‌ಪಿ (ಫೈಬರ್) ಪೆಟ್ಟಿಗೆಯೊಂದನ್ನು ಕೂರಿಸಿದೆ. ಪಂಪಿನ ನೀರೆಲ್ಲ ಅದಕ್ಕೆ ಬೀಳುತ್ತದೆ. ಒಂದು ಬದಿಯ ವಿ ಆಕಾರದ ಕಿಂಡಿಯಿಂದ ಗಂಟೆಗೆ ನಾಲ್ಕೂವರೆ ಸಾವಿರ ಲೀಟರ್ ಏರೇಷನ್‌ಗೆ ಇಳಿಯುತ್ತದೆ, ಉಳಿದದ್ದು ಇನ್ನೊಂದು ಬದಿಯಿಂದ ಈಕ್ವಲೈಸೇಷನ್ ಟ್ಯಾಂಕಿಗೇ ವಾಪಸ್. ದಿನಕ್ಕೆ ಇಪ್ಪತ್ತೆರಡು ಗಂಟೆ ಇದೇ ಲೆಕ್ಕ. 'ಬೆಳಗಿನ ಹೊತ್ತು ಟ್ಯಾಂಕ್ ಉಕ್ಕಿ ಪಾರ್ಕಿಂಗ್‌ಗೆ ಬರುತ್ತದೆ' ಎಂದು ಸಮಿತಿಯ ಇಂಜಿನಿಯರ್ ಸದಸ್ಯರೊಬ್ಬರು ಬರೆದೇ ಕೊಟ್ಟರು. ರಾತ್ರಿಯಿಡೀ ಎಳೆದು ಐದು ಗಂಟೆಗೆ ಟ್ಯಾಂಕ್ ಖಾಲಿಯಾಗಿದ್ದರೆ ಎಲ್ಲಿಂದ ಉಕ್ಕುತ್ತದೆ? ಮೂವತ್ತು ಸಾವಿರ ಲೀಟರಿನ ಟ್ಯಾಂಕ್ ಹತ್ತು ಗಂಟೆಗೆ ಮುಕ್ಕಾಲಿನಷ್ಟೂ ತುಂಬಲಿಲ್ಲ. ಬ್ಲೋವರಿಗೆ ರಬ್ಬರ್ ಪ್ಯಾಡ್ ಹಾಕಿ ಸದ್ದಿನ ದೂರನ್ನು ತೀರಿಸಿದೆ.

ಸಗಣಿ ನೀರು ಬಿಟ್ಟೂ ನೋಡಿದೆ. ಎರಡು ದಿನ ನೊರೆಯೋ ನೊರೆ, ವಿಶೇಷ ಲಾಭವೇನಿಲ್ಲ. ಪಕ್ಕದ ಘಟಕದಿಂದ ಎರಡು ಡ್ರಮ್ ಜೀವಂತ ಸ್ಲಡ್ಜ್ ತಂದದ್ದು ಹೆಚ್ಚು ಕೆಲಸ ಮಾಡಿತು. ಐದಾರು ವಾರದಲ್ಲಿ ಜಾರಿನಲ್ಲಿ ಮುನ್ನೂರೈವತ್ತು ಎಂಎಲ್ ನಿಂತಿತು, ಬಿಒಡಿ (ನೀರಿನಲ್ಲಿ ಉಳಿದ ಸಾವಯವ ಕೊಳೆಯ ಅಳತೆ) ಹತ್ತರ ಕೆಳಗೆ ಇಳಿಯಿತು. ಕಿಂಡಿಯ ಕೋನ ಎಷ್ಟು, ವಾರಾಂತ್ಯದಲ್ಲಿ ರಿಟರ್ನ್ ಸ್ಲಡ್ಜನ್ನು (ಕ್ಲಾರಿಫೈಯರಿನಿಂದ ಏರೇಷನ್‌ಗೆ ಮರಳಿಸುವುದು) ಎಷ್ಟು ಬದಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಈಗ ಸ್ಲಡ್ಜ್ ಬೆಳೆಯುತ್ತದೆ, ಹೆಚ್ಚಾದದ್ದನ್ನು ತೆಗೆಯಲೇಬೇಕು. ಒಣಗಿಸಿ ತೋಟಕ್ಕೆ ಹಾಕಿದರೆ ಬಿತ್ತದೆಯೇ ಟೊಮೆಟೊ ಗಿಡಗಳು ಎದ್ದವು. ಬೀಜ ಮನುಷ್ಯರ ಹೊಟ್ಟೆ, ಏರೇಷನ್ ಎರಡನ್ನೂ ದಾಟಿ ಬಂದದ್ದು! ಹೂವಿನ ಗಿಡಗಳಿಗೆ ಮಾತ್ರ ಬಳಸಲು ಮಾಲಿಗೆ ಹೇಳಿದ್ದೇನೆ.

ವಿದ್ಯುತ್ ಬಿಲ್ ತಿಂಗಳಿಗೆ ಆರೇಳು ಸಾವಿರ ಏರಿತು. ಫ್ಲಶ್‌ಗೆಂದು ತರಿಸುತ್ತಿದ್ದ ಟ್ಯಾಂಕರ್‌ಗಳು ನಿಂತು ಎಂಬತ್ತು ಸಾವಿರದಷ್ಟು ಉಳಿಯುತ್ತಿದೆ. ಬರೆದುಕೊಟ್ಟಿದ್ದ ಸದಸ್ಯರೇ ಈಗ ಬೇರೆ ಸಮುಚ್ಚಯದವರನ್ನು ಕರೆತಂದು ಪೆಟ್ಟಿಗೆ ತೋರಿಸುತ್ತಾರೆ, ಐಡಿಯಾ ತಮ್ಮದೆಂಬಂತೆ. ಫ್ಲಶ್, ತೋಟ ಎಲ್ಲ ಮುಗಿದ ಮೇಲೂ ಅರ್ಧದಷ್ಟು ನೀರು ಮಿಗುತ್ತದೆ. ಹೊರಗೆ ಮಾರಲು 2024ರಲ್ಲಿ ಸರ್ಕಾರ ಅನುಮತಿಯನ್ನೇನೋ ಕೊಟ್ಟಿತು. ಬೇಸಿಗೆಯಲ್ಲಿ ಕಟ್ಟಡ ಕಟ್ಟುವವರು ಲಾರಿ ತಂದು ಒಯ್ಯುತ್ತಾರೆ. ಜೂನ್ ಬಂತೆಂದರೆ ಒಬ್ಬನೂ ಫೋನ್ ಎತ್ತುವುದಿಲ್ಲ, ತಿಳಿನೀರು ಒಳಚರಂಡಿಗೇ ಹೋಗುತ್ತದೆ.