ತುಕ್ಕು ತಿಂದ ಸೆಲ್ ಪಟ್ಟಿ: ಮನೆಯಲ್ಲೇ ಹೊಸದು ಮಾಡಿ

ಟಾರ್ಚು, ಆಟಿಕೆ ಕೆಟ್ಟಿತೆಂದು ಎಸೆಯುವ ಮುನ್ನ ಸೆಲ್ ಕೂರುವ ಜಾಗ ನೋಡಿ. ಸೆಲ್ ಸೋರಿ ಅಲ್ಲಿ ಸೆಲ್ಲಿಗೆ ತಾಗುವ ಲೋಹದ ಪಟ್ಟಿ ಮಾತ್ರ ಹಾಳಾಗಿದ್ದರೆ ಹೊಸದನ್ನು ನಾವೇ ಮಾಡಿ ಕೂರಿಸಬಹುದು. ಆಲ್ಕಲೈನ್ ಸೆಲ್ ಸೋರಿ ಕಟ್ಟಿದ ಬಿಳಿ ಪುಡಿ ಕ್ಷಾರ. ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಲೋಹ ಆರಿಸುವಾಗಲೇ ಅರ್ಧ ಕೆಲಸ ಕೆಡುತ್ತದೆ. ತಂಪು ಪಾನೀಯದ ಕ್ಯಾನ್ ಅಲ್ಯೂಮಿನಿಯಂ. ಗಾಳಿ ತಾಗಿದೊಡನೆ ಆಕ್ಸೈಡ್ ಪೊರೆ ಕಟ್ಟುವುದರಿಂದ ಮಾಮೂಲಿ ಸೋಲ್ಡರ್ (ಬೆಸುಗೆಗೆ ಕರಗಿಸುವ ತವರ-ಸೀಸದ ತಂತಿ) ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲೂ ರಾಳದ ಫ್ಲಕ್ಸಿಗೆ (ಸೋಲ್ಡರ್ ಹಿಡಿಯಲೆಂದು ಲೋಹಕ್ಕೆ ಸವರುವ ವಸ್ತು) ಬಗ್ಗುವುದಿಲ್ಲ. ತಾಮ್ರಕ್ಕೆ ಸೋಲ್ಡರ್ ಸೊಗಸಾಗಿ ಹರಿಯುತ್ತದೆ, ಆದರೆ ಸ್ಪ್ರಿಂಗ್ ಗುಣವಿಲ್ಲ. ಒತ್ತಿದರೆ ಒತ್ತಿದಂತೆಯೇ ಕೂರುತ್ತದೆ. ರಸಗುಲ್ಲಾ ಡಬ್ಬದ ತಗಡು ಆಯಸ್ಕಾಂತಕ್ಕೆ ಅಂಟಿದರೆ ಅದು ತವರ ಲೇಪಿಸಿದ ಉಕ್ಕು, ಬಳಸಬಹುದು. ಒಳಗಿನ ಹೊಂಬಣ್ಣದ ಲ್ಯಾಕರ್ ಕೆರೆದು ತೆಗೆಯಿರಿ. ಕತ್ತರಿಸಿದ ಅಂಚು ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಅಲ್ಲಿಗೂ ತೆಳುವಾಗಿ ಸೋಲ್ಡರ್ ಹರಿಸಿ.

ಎಲ್ಲಕ್ಕಿಂತ ಒಳ್ಳೆಯದು ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಜ್ (ತಾಮ್ರ-ತವರದ ಮಿಶ್ರಲೋಹ). ಗೋಡೆಯಿಂದ ಕಳಚಿಟ್ಟ ಹಳೆಯ ಪ್ಲಗ್ ಸಾಕೆಟ್ ಬಿಚ್ಚಿದರೆ ಒಳಗೆ ಹಿತ್ತಾಳೆ ತುಂಡು ಸಿಗುತ್ತದೆ. ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸೆಲ್ ಹೋಲ್ಡರ್ ಕೊಂಡು ಅದರ ಸ್ಪ್ರಿಂಗನ್ನೇ ಬಿಚ್ಚಿಕೊಳ್ಳಿ.

ಎಎ ಸೆಲ್ಲಿನ ವ್ಯಾಸ 14.5 ಮಿ.ಮೀ. 0.3 ಮಿ.ಮೀ. ದಪ್ಪದ ತಗಡಿನಲ್ಲಿ 8 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ. ಮೈನಸ್ ಕಡೆಯದನ್ನು ಸೆಲ್ ಒತ್ತಿದಾಗ ಹಿಂದಕ್ಕೆ ಪುಟಿಯುವಂತೆ ಬಾಗಿಸಿ. ಪ್ಲಸ್ ಕಡೆಯದು ಸಪಾಟಾಗಿ, ಪ್ಲಾಸ್ಟಿಕ್ ಅಂಚಿಗಿಂತ ತುಸು ಒಳಗಿರಲಿ; ಆಗ ಸೆಲ್ಲನ್ನು ತಿರುಗಾಮುರುಗಾ ಹಾಕಿದರೂ ಅದರ ಸಪಾಟು ತಳ ತಾಗುವುದಿಲ್ಲ.

ಪ್ಲಾಸ್ಟಿಕ್ಕಿಗೆ ಕೂರಿಸುವ ಮೊದಲೇ ಬೆಸೆಯಿರಿ, ಇಲ್ಲದಿದ್ದರೆ ಗೂಡು ಕರಗುತ್ತದೆ. ಪಟ್ಟಿಯನ್ನು ಮರದ ತುಂಡಿನ ಮೇಲಿಡಿ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಶಾಖವನ್ನೆಲ್ಲ ಹೀರಿಬಿಡುತ್ತದೆ. ವೈರ್ ಬೆಸೆಯುವ ತುದಿಯ 5 ಮಿ.ಮೀ. ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಫ್ಲಕ್ಸ್ ಸವರಿ, 25 ವ್ಯಾಟ್ ಸೋಲ್ಡರಿಂಗ್ ಐರನ್ನಿನಿಂದ ಪಟ್ಟಿಯನ್ನೇ ಕಾಯಿಸಿ. 60/40 ಸೋಲ್ಡರ್ (ಶೇ. 60 ತವರ, ಶೇ. 40 ಸೀಸ) 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಲು ಶುರುವಾಗುತ್ತದೆ. ಐರನ್ನಿಗೆ ಮುಟ್ಟಿಸದೆ, ಕಾದ ಲೋಹಕ್ಕೆ ಮುಟ್ಟಿಸಿದರೆ ನೀರಿನಂತೆ ಹರಡಬೇಕು. ಗುಂಡಾಗಿ ನಿಂತರೆ ಒಂದೋ ಶಾಖ ಸಾಲದು, ಇಲ್ಲವೇ ಕೊಳೆ ಉಳಿದಿದೆ. ವೈರಿನ ತುದಿಗೂ ಹೀಗೆಯೇ ಸೋಲ್ಡರ್ ಹಚ್ಚಿ, ಎರಡನ್ನೂ ಸೇರಿಸಿ ಕಾಯಿಸಿ, ಗಟ್ಟಿಯಾಗುವವರೆಗೆ ಅಲುಗಾಡಿಸಬೇಡಿ. ಅಲುಗಿದರೆ ಬೆಸುಗೆ ಮಂಕಾಗಿ, ಬಿರುಕು ಬಿಡುತ್ತದೆ.

ಸೆಲ್ ತಾಗುವ ಜಾಗಕ್ಕೆ ಮಾತ್ರ ಸೋಲ್ಡರ್ ಗುಡ್ಡೆ ಬೇಡ. ಅದು ಮೆದು, ಒತ್ತಡಕ್ಕೆ ದಿನೇದಿನೇ ಕುಸಿದು ಹಿಡಿತ ಸಡಿಲವಾಗುತ್ತದೆ. ಸೆಲ್ಲಿಗೇ ನೇರವಾಗಿ ಬೆಸೆಯಲು ಹೋಗಬೇಡಿ, ಕಾದರೆ ಸಿಡಿಯಬಹುದು. ಫ್ಲಕ್ಸಿನ ಹೊಗೆ ಹೋಗಲು ಕಿಟಕಿ ತೆರೆದಿರಲಿ; ಸೋಲ್ಡರಿನಲ್ಲಿ ಸೀಸವಿದೆ, ಕೆಲಸವಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕೂರಿಸಿದ ಮೇಲೆ ಟಾರ್ಚು ಉರಿಯುತ್ತಿರುವಾಗಲೇ ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಸೆಲ್ಲಿನ ತುದಿಗೆ, ಇನ್ನೊಂದು ಅದೇ ಕಡೆಯ ವೈರಿಗೆ ಇಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಪಟ್ಟಿಯನ್ನು ಇನ್ನೊಮ್ಮೆ ಉಜ್ಜಿ, ತುಸು ಹೆಚ್ಚು ಬಾಗಿಸಿ.