ವಿದೇಶದಲ್ಲಿ ಒಬ್ಬರೇ ಇರುವ ಹಿರಿಯರು ಸಂಪರ್ಕಕ್ಕೆ ಸಿಗದಿದ್ದರೆ ಏನು ಮಾಡಬೇಕು?

ನಮ್ಮ ದೊಡ್ಡಮ್ಮನ ಕೈಚೀಲದಲ್ಲಿ ಮಗನ ಫೋನ್ ನಂಬರ್ ಇತ್ತು. ಪುಟ್ಟ ಡೈರಿಯ ಮೊದಲ ಪುಟದಲ್ಲೇ, ದುಂಡು ಬರಹದಲ್ಲಿ, ಕನ್ನಡ ಅಂಕಿಗಳಲ್ಲಿ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಎಲ್ಲವನ್ನೂ ಅವರು ಜೀವಮಾನವಿಡೀ ಬರೆದದ್ದು ಹಾಗೆಯೇ. ಹನುಮಂತನಗರದ ಮನೆಯಿಂದ ಅಮೆರಿಕದ ಮಗನ ಮನೆಗೆ ಒಬ್ಬರೇ ಹೊರಟಿದ್ದ ಅವರಿಗೆ ಯೂರೋಪಿನ ಒಂದು ವಿಮಾನ ನಿಲ್ದಾಣದಲ್ಲಿ ಎರಡನೆಯ ವಿಮಾನ ತಪ್ಪಿತು. ಮೊಬೈಲ್ ಆರಿಹೋಗಿತ್ತು, ಚಾರ್ಜರ್ ದೊಡ್ಡ ಸೂಟ್‌ಕೇಸಿನೊಳಗೆ ಹೋಗಿತ್ತು. ಒಬ್ಬ ಹುಡುಗಿ ತಾನಾಗಿ ಬಂದು ವಿಚಾರಿಸಿ, ತನ್ನ ಫೋನ್ ತೆಗೆದು ಡೈರಿ ನೋಡಿದಳಂತೆ. ಒಂದಂಕಿಯೂ ತಿಳಿಯದೆ ಡೈರಿಯನ್ನು ಹಿಂದಕ್ಕೆ ಕೊಟ್ಟಳಂತೆ. ದೊಡ್ಡಮ್ಮನಿಗೆ ಇಂಗ್ಲಿಷ್ ಅಂಕಿ ಬರೆಯಲು ಬರುತ್ತದೆ. ಆ ಗಾಬರಿಯಲ್ಲಿ ಅದು ಹೊಳೆಯಲೇ ಇಲ್ಲ.

14 ಗಂಟೆ ಅವರೆಲ್ಲಿದ್ದಾರೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ನಾವು ಮಂತ್ರಿಗಳ ಪರಿಚಯದವರನ್ನು ಹುಡುಕುತ್ತಿದ್ದೆವು. ಕೊನೆಗೆ ಅವರನ್ನು ಹುಡುಕಿಕೊಟ್ಟದ್ದು ಸೊಸೆ ಅಲ್ಲಿನ ಪೊಲೀಸರಿಗೆ ಹೇಳಿದ ಒಂದೇ ಮಾತು: ‘ನಮ್ಮ ಅತ್ತೆ ಎಸ್ಕಲೇಟರ್ ಹತ್ತುವುದಿಲ್ಲ, ಭಯ.’ ಅವರು ಇಳಿದ ಮಹಡಿಯನ್ನಷ್ಟೇ ಪೊಲೀಸರು ನೋಡಿದರು. ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ, ಸ್ವೆಟರ್ ಮೇಲೆ ಸೆರಗು ಹೊದ್ದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ನಿವೃತ್ತಿಯ ಮೇಲೆ ತಮ್ಮದೇ ಆಸೆಯ ಪ್ರವಾಸಕ್ಕೆ ಎಂದು ಬೆಂಗಳೂರಿನ ಎಷ್ಟೋ ಮನೆಗಳ ಹಿರಿಯರು ಈಗ ಒಬ್ಬೊಬ್ಬರೇ ವಿಮಾನ ಹತ್ತುತ್ತಾರೆ. ಹೋಗಲಿ, ಹೋಗಬೇಕು. ಅವರಲ್ಲಿ ಒಬ್ಬರು ಸಂಪರ್ಕಕ್ಕೆ ಸಿಗದ ದಿನ ಮನೆಯವರ ಕೈಯಲ್ಲಿ ಇರಬೇಕಾದದ್ದು ಅವರ ಬಗೆಗಿನ ಸಣ್ಣ ಸಣ್ಣ ವಿವರ. ಅದನ್ನು ಯಾರಿಗೆ, ಯಾವ ಕ್ರಮದಲ್ಲಿ ಮುಟ್ಟಿಸಬೇಕೆಂಬುದು ಮುಂದಿದೆ.

ಮೊದಲ ಅರ್ಧ ಗಂಟೆ: ಎಲ್ಲರೂ ಫೋನ್ ಮಾಡಬೇಡಿ

ಅಮ್ಮ ಫೋನ್ ಎತ್ತುತ್ತಿಲ್ಲ ಎಂದು ಗೊತ್ತಾದ ಕೂಡಲೇ ಮಗ, ಮಗಳು, ಅಳಿಯ, ತಂಗಿ ಎಲ್ಲರೂ ಒಂದೇ ಸಮನೆ ಕರೆ ಮಾಡತೊಡಗುತ್ತಾರೆ. ಉಳಿದಿರುವ ಬ್ಯಾಟರಿಯನ್ನು ಆ ಕರೆಗಳೇ ತಿಂದುಹಾಕುತ್ತವೆ. ಕರೆ ಮಾಡಲು ಒಬ್ಬರನ್ನು ಗೊತ್ತುಮಾಡಿ. ಅವರು ಅರ್ಧ ಗಂಟೆಗೊಮ್ಮೆ ಕರೆ ಮಾಡಲಿ, ಜೊತೆಗೆ ಸಾದಾ ಎಸ್‌ಎಂಎಸ್ ಒಂದನ್ನು ಕಳುಹಿಸಲಿ: ‘ಇರುವಲ್ಲೇ ಇರಿ, ನಾವು ಹುಡುಕುತ್ತಿದ್ದೇವೆ.’

ಇನ್ನೊಬ್ಬರು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಲಿ. ಕೊನೆಯ ಮಾತು ಯಾವಾಗ ಆಯಿತು, ಯಾರೊಂದಿಗೆ, ಏನು ಹೇಳಿದರು ಎಲ್ಲವನ್ನೂ ಬರೆಯಲಿ. ಪ್ರತಿ ಸಮಯದ ಮುಂದೆ ‘ನಮ್ಮದು’, ‘ಅಲ್ಲಿಯದು’ ಎಂದು ಎರಡನ್ನೂ ನಮೂದಿಸಲಿ. ಲಂಡನ್ನಿನ ಬೆಳಗಿನ ಆರು ಎಂದರೆ ಇಲ್ಲಿ ಚಳಿಗಾಲದಲ್ಲಿ ಹನ್ನೊಂದೂವರೆ, ಬೇಸಿಗೆಯಲ್ಲಿ ಹತ್ತೂವರೆ. ಈ ಲೆಕ್ಕ ತಪ್ಪಿದರೆ ಪೊಲೀಸರು ತಪ್ಪು ಗಂಟೆಯ ಕ್ಯಾಮೆರಾ ದೃಶ್ಯ ನೋಡುತ್ತಾ ಕೂರುತ್ತಾರೆ. ವಾಟ್ಸ್‌ಆ್ಯಪ್ ಸಂದೇಶಕ್ಕೆ ಒಂದು ಟಿಕ್ ಇದೆಯೋ ಎರಡಿವೆಯೋ ನೋಡಿ ಅದನ್ನೂ ಬರೆದಿಡಿ. ಎರಡು ಬಿದ್ದಿದ್ದರೆ ಆ ಹೊತ್ತಿಗೆ ಮೊಬೈಲ್ ಇಂಟರ್‌ನೆಟ್‌ಗೆ ಸಿಕ್ಕಿತ್ತು ಎಂದರ್ಥ. ಲೊಕೇಶನ್ ಹಂಚಿಕೊಂಡಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹೋಟೆಲಿನಲ್ಲಿ ಇಳಿದುಕೊಂಡಿದ್ದರೆ ಮೊದಲ ಹೊರಗಿನ ಕರೆ ಅಲ್ಲಿನ ಸ್ವಾಗತಕಾರರಿಗೆ ಹೋಗಬೇಕು. ಬಾಗಿಲು ತಟ್ಟಿದರೆ ಸಾಲದು, ತೆರೆದು ಸ್ನಾನದ ಮನೆಯವರೆಗೂ ಹೋಗಿ ನೋಡಲು ಕೇಳಿಕೊಳ್ಳಿ. ಊರೆಲ್ಲ ಹುಡುಕುತ್ತಿರುವಾಗ ಅವರು ಜಾರಿ ಬಿದ್ದು ಅಲ್ಲೇ ಇರಬಹುದು. ಪಾಸ್‌ಪೋರ್ಟ್, ಕನ್ನಡಕ, ಮಾತ್ರೆಯ ಡಬ್ಬಿ ಕೋಣೆಯಲ್ಲಿವೆಯೇ ಎಂದೂ ಕೇಳಿ. ಮಾತ್ರೆ ಬಿಟ್ಟು ಹೋದವರು ಹತ್ತಿರದಲ್ಲೇ ಎಲ್ಲೋ ಹೋಗಿ ಬರಲು ಹೊರಟಿರಬಹುದು.

ಈ ಹಂತದಲ್ಲಿ ಎರಡು ಕೆಲಸ ಖಂಡಿತ ಮಾಡಬೇಡಿ. ಅವರ ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿನ ಹೊಸ ಸಿಮ್ ಪಡೆಯಬೇಡಿ. ಹೊಸದು ಚಾಲೂ ಆದ ಕ್ಷಣ ಅವರ ಕೈಯಲ್ಲಿರುವುದು ಸತ್ತುಹೋಗುತ್ತದೆ. ಬ್ಯಾಂಕ್ ಕಾರ್ಡನ್ನೂ ಆತುರದಿಂದ ನಿಲ್ಲಿಸಬೇಡಿ. ಆ ಕಾರ್ಡ್ ಅವರ ಊಟದ ದಾರಿ, ನಮಗೆ ಅವರ ಹೆಜ್ಜೆ ಗುರುತು. ಎಲ್ಲಿ, ಎಷ್ಟು ಹೊತ್ತಿಗೆ ಬಳಕೆಯಾಗಿದೆ ಎಂದು ಮೊದಲು ನೋಡಿ. ಕಳವಾಗಿದೆ ಎಂದು ಸ್ಪಷ್ಟವಾದರೆ ಆಗ ನಿಲ್ಲಿಸಿ.

ಅಲ್ಲಿನ ಪೊಲೀಸರು: 24 ಗಂಟೆ ಕಾಯುವ ಮಾತೇ ಬೇಡ

‘ಒಂದು ದಿನ ಕಳೆಯದೆ ದೂರು ತೆಗೆದುಕೊಳ್ಳುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದನ್ನು ನಂಬಿ ಕೈಕಟ್ಟಿ ಕೂರಬೇಡಿ. ವಯಸ್ಸಾಗಿದೆ, ಕಾಯಿಲೆಯಿದೆ, ಭಾಷೆ ಬರುವುದಿಲ್ಲ ಎಂಬ ಮೂರನ್ನು ಮೊದಲ ವಾಕ್ಯದಲ್ಲೇ ಹೇಳಿದರೆ ಪ್ರಕರಣದ ತುರ್ತು ಅವರಿಗೆ ಅರ್ಥವಾಗುತ್ತದೆ.

ತೊಡಕು ಬೇರೆಯದೇ ಇದೆ. ಜಯನಗರದಲ್ಲಿ ಕುಳಿತು 112 ಒತ್ತಿದರೆ ಸಿಗುವುದು ನಮ್ಮದೇ 112. ತುರ್ತು ಸಂಖ್ಯೆಗಳು ಆಯಾ ದೇಶದ ನೆಲದಲ್ಲಿ ಇರುವವರಿಗೆ. ಆದ್ದರಿಂದ ಅಲ್ಲಿರುವ ಒಬ್ಬರಿಂದ, ಹೋಟೆಲಿನ ಮ್ಯಾನೇಜರ್ ಆದರೂ ಸರಿ, ಕರೆ ಮಾಡಿಸಿ. ಅಮೆರಿಕ, ಕೆನಡಾದಲ್ಲಿ 911, ಯೂರೋಪಿನ ಒಕ್ಕೂಟದ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ಥಾಯ್ಲೆಂಡಿನಲ್ಲಿ ಪ್ರವಾಸಿಗರ ಪೊಲೀಸ್ ಸಂಖ್ಯೆ 1155. ಯಾರೂ ಇಲ್ಲದಿದ್ದರೆ ಆ ನಗರದ ಪೊಲೀಸರ ಸಾಮಾನ್ಯ ದೂರವಾಣಿಗೆ ದೇಶದ ಕೋಡ್ ಸೇರಿಸಿ ನೀವೇ ಕರೆ ಮಾಡಿ. ದೂರಿನ ಸಂಖ್ಯೆ, ಮಾತನಾಡಿದ ಅಧಿಕಾರಿಯ ಹೆಸರು ಬರೆದುಕೊಳ್ಳಿ. ಮುಂದೆ ಎಲ್ಲರೂ ಕೇಳುವುದು ಇವೆರಡನ್ನೇ.

ಹೆಸರು ಹೇಳುವಾಗ ನಮ್ಮವರಿಗೆ ಒಂದು ವಿಶೇಷ ಎಚ್ಚರ ಬೇಕು. ನಮ್ಮ ಹಿರಿಯರಲ್ಲಿ ಅನೇಕರಿಗೆ ಕುಲನಾಮವಿಲ್ಲ. ಒಂದು ಹೆಸರು, ಅದರ ಮುಂದೆ ಊರಿನದೋ ತಂದೆಯದೋ ಇನಿಷಿಯಲ್, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕೊನೆಯ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ನೀವು ‘ಸಾವಿತ್ರಮ್ಮ’ ಎಂದು ಕೇಳುತ್ತೀರಿ, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವರು ‘ಎಫ್‌ಎನ್‌ಯು’ ಆಗಿ ಮಲಗಿರುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಹೇಳಿ. ಮನೆಯಲ್ಲಿ ಕರೆದರೆ ಓಗೊಡುವ ಹೆಸರನ್ನೂ ಹೇಳಿ.

ಭಾಷೆ ಯಾವುದೆಂದು ಕೇಳಿದಾಗ ‘ಇಂಡಿಯನ್’ ಎಂದರೆ ಹಿಂದಿ ದುಭಾಷಿ ಬರುತ್ತಾರೆ. ಕನ್ನಡ ಎಂದೇ ಹೇಳಿ, ಎರಡು ಸಲ ಹೇಳಿ. ಗಾಬರಿಯಲ್ಲಿ, ಜ್ವರದಲ್ಲಿ, ಮರೆವಿನಲ್ಲಿ ಮನುಷ್ಯ ಮರಳುವುದು ತಾಯಿನುಡಿಗೆ. ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಆ ಹೊತ್ತಿಗೆ ಅದನ್ನು ಕಳೆದುಕೊಂಡಿರಬಹುದು. ಉಳಿದಂತೆ ಉಟ್ಟ ಬಟ್ಟೆ, ಕಾಲಿನ ಚಪ್ಪಲಿ ಅಥವಾ ಶೂ, ಮಂಡಿ ಶಸ್ತ್ರಚಿಕಿತ್ಸೆಯ ಗುರುತು, ಶ್ರವಣ ಸಾಧನ, ಓಲೆ, ಮೂಗುತಿ. ಎಲ್ಲಕ್ಕಿಂತ ಮುಖ್ಯವಾಗಿ ಅವರ ಸ್ವಭಾವ: ದೇವಸ್ಥಾನ ಕಂಡರೆ ಒಳಗೆ ಹೋಗುವವರೋ, ನೀರಿನ ದಂಡೆ ಹುಡುಕುವವರೋ, ದಾರಿ ತಪ್ಪಿದರೆ ನಡೆಯುತ್ತಲೇ ಇರುವವರೋ, ಒಂದೆಡೆ ಕುಳಿತುಬಿಡುವವರೋ.

ಭಾರತದ ರಾಯಭಾರ ಕಚೇರಿ

ಪೊಲೀಸರಿಗೆ ತಿಳಿಸಿದ ಮೇಲೆ ತಡಮಾಡದೆ ಇಲ್ಲಿಗೆ. ರಾಯಭಾರ ಕಚೇರಿ ಆ ದೇಶದ ರಾಜಧಾನಿಯಲ್ಲಿರುತ್ತದೆ. ದೊಡ್ಡ ದೇಶಗಳಲ್ಲಿ ಅದರ ಜೊತೆಗೆ ಕಾನ್ಸುಲೇಟ್‌ಗಳು ಪ್ರದೇಶ ಹಂಚಿಕೊಂಡಿರುತ್ತವೆ. ಟೆಕ್ಸಾಸ್‌ನಲ್ಲಿ ಕಾಣೆಯಾದವರಿಗೆ ವಾಷಿಂಗ್ಟನ್ ಬದಲು ಹ್ಯೂಸ್ಟನ್ ಕಾನ್ಸುಲೇಟನ್ನು ಸಂಪರ್ಕಿಸಬೇಕು. ವೀಸಾ, ಪಾಸ್‌ಪೋರ್ಟ್ ವಿಚಾರಣೆಯ ನಂಬರ್ ಬೇರೆ, ಸಂಕಷ್ಟದಲ್ಲಿರುವ ಭಾರತೀಯರಿಗಾಗಿ ಇರುವ ತುರ್ತು ನಂಬರ್ ಬೇರೆ. ಅವರ ವೆಬ್‌ಸೈಟಿನಲ್ಲಿ ಎರಡನೆಯದನ್ನು ಹುಡುಕಿ. ಕರೆಯ ಬೆನ್ನಿಗೇ ಇಮೇಲ್ ಕಳುಹಿಸಿ: ಪಾಸ್‌ಪೋರ್ಟ್ ಪ್ರತಿ, ವೀಸಾ, ಫೋಟೋ, ದೂರಿನ ಸಂಖ್ಯೆ.

ಅವರು ಬೀದಿಗಿಳಿದು ಹುಡುಕುವುದಿಲ್ಲ, ತನಿಖೆ ಮಾಡುವ ಅಧಿಕಾರವೂ ಅವರಿಗಿಲ್ಲ. ಆದರೆ ನಾವು ಕೇಳಿದರೆ ಬಾಯಿ ಬಿಡದ ಆಸ್ಪತ್ರೆ, ವಲಸೆ ವಿಭಾಗ, ಬಂಧನ ಕೇಂದ್ರಗಳು ಅವರಿಗೆ ಉತ್ತರ ಕೊಡಬಹುದು. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಬಂಧನಕ್ಕೊಳಗಾದ ವಿದೇಶಿ ಪ್ರಜೆ ಬಯಸಿದರೆ ಅವರ ದೇಶದ ಕಾನ್ಸುಲೇಟ್‌ಗೆ ವಿಳಂಬವಿಲ್ಲದೆ ತಿಳಿಸಬೇಕು. ಬಂಧನವೆಂದರೆ ಬೆಚ್ಚಬೇಡಿ. ಔಷಧಿಯ ಪೊಟ್ಟಣದ ವಿಚಾರಣೆಗೋ ವೀಸಾದ ಗೊಂದಲಕ್ಕೋ ವಲಸೆ ಅಧಿಕಾರಿಗಳು ಕೂರಿಸಿಕೊಂಡಿದ್ದರೂ ಫೋನ್ ಅವರ ಕೈಯಲ್ಲಿ ಇರುವುದಿಲ್ಲ.

ಇದೇ ಹೊತ್ತಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. 2015ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ ದೂರಿನ ಸ್ಥಿತಿಯನ್ನು ಮನೆಯಿಂದಲೇ ನೋಡುತ್ತಿರಬಹುದು. ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಗೂ ಒಂದು ಪ್ರತಿ ಇರಲಿ. ಆ ಊರಿನ ಕನ್ನಡ ಕೂಟವನ್ನು ಮರೆಯಬೇಡಿ. ಆಸ್ಪತ್ರೆಗೆ ಹೋಗಿ ಕನ್ನಡದಲ್ಲಿ ‘ಅಮ್ಮಾ’ ಎಂದು ಕರೆಯಬಲ್ಲ ಒಬ್ಬರು ಅಲ್ಲಿ ಸಿಗುತ್ತಾರೆ.

ಆಸ್ಪತ್ರೆಗಳು

ನನ್ನ ಮಟ್ಟಿಗೆ ಇದನ್ನು ಪೊಲೀಸರಷ್ಟೇ ಮುಖ್ಯವೆಂದು ತಿಳಿಯಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಸೇರದ ಊಟವನ್ನು ಬಿಟ್ಟವರಿಗೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತೊದಲು, ತಲೆಬುಡವಿಲ್ಲದ ಮಾತು. ನೋಡಿದವರಿಗೆ ಕುಡಿದವರಂತೆ ಕಾಣಬಹುದು. ಪದೇ ಪದೇ ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಕುಡಿಯದೆ ಪ್ರಯಾಣ ಮಾಡುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೊಂದು ಜನರಿಗಿದೆ! ಮೈಯ ನೀರು ಬತ್ತುವುದು, ಮೂತ್ರದ ಸೋಂಕು, ಇವೆರಡೂ ವಯಸ್ಸಾದವರಲ್ಲಿ ಒಂದೇ ದಿನದಲ್ಲಿ ತೀವ್ರ ಗೊಂದಲ ತರಬಲ್ಲವು. ಮಲ್ಲೇಶ್ವರದಲ್ಲಿ ನಲವತ್ತು ವರ್ಷ ಒಂದೇ ದಾರಿಯಲ್ಲಿ ಮಾರುಕಟ್ಟೆಗೆ ಹೋಗಿಬಂದವರ ಮರೆವು ಮನೆಯವರ ಕಣ್ಣಿಗೇ ಬೀಳುವುದಿಲ್ಲ. ಕಾಲಿಗೆ ದಾರಿ ಗೊತ್ತಿರುತ್ತದೆ. ಹೊಸ ಊರಿನಲ್ಲಿ ಅದು ದಿಢೀರನೆ ಬಯಲಾಗುತ್ತದೆ.

ರೋಗಿಯ ಮಾಹಿತಿಯನ್ನು ಫೋನಿನಲ್ಲಿ ಕೊಡಲು ಅನೇಕ ಆಸ್ಪತ್ರೆಗಳು ಹಿಂಜರಿಯುತ್ತವೆ. ವಿಮಾನ ಸಂಸ್ಥೆಗಳೂ ಹಾಗೆಯೇ. ಜಗಳ ಬೇಡ. ದೂರಿನ ಸಂಖ್ಯೆ ಕೊಟ್ಟು, ಪೊಲೀಸರ ಮೂಲಕ ಕೇಳಿಸಿ. ‘ಗುರುತು ಸಿಗದ, ದಕ್ಷಿಣ ಏಷ್ಯಾದವರಂತೆ ಕಾಣುವ ಹಿರಿಯರು ಯಾರಾದರೂ ದಾಖಲಾಗಿದ್ದಾರೆಯೇ’ ಎಂಬ ಪ್ರಶ್ನೆಯನ್ನು ಅವರು ಬೇಗ ಕೇಳಬಲ್ಲರು. ಪ್ರಯಾಣ ವಿಮೆ ಇದ್ದರೆ ಪಾಲಿಸಿಯಲ್ಲಿರುವ ತುರ್ತು ಸಹಾಯದ ನಂಬರಿಗೂ ಕರೆ ಮಾಡಿ.

ಬೆಂಗಳೂರಿನ ಠಾಣೆಯಲ್ಲಿ

ಘಟನೆ ನಡೆದದ್ದು ಅಲ್ಲಿ, ಇಲ್ಲಿ ದೂರು ಏಕೆ ಎಂದು ಠಾಣೆಯಲ್ಲಿ ಕೇಳಬಹುದು. ವಿನಯದಿಂದಲೇ ಪಟ್ಟು ಹಿಡಿದು, ಬರವಣಿಗೆಯಲ್ಲಿ ದೂರು ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಬ್ಯಾಂಕ್, ಮೊಬೈಲ್ ಕಂಪನಿ, ವಿಮೆ ಎಲ್ಲರೂ ಅದನ್ನೇ ಕೇಳುತ್ತಾರೆ. ದಿನಗಳು ಕಳೆದರೆ ಇಂಟರ್‌ಪೋಲ್‌ನ ಹಳದಿ ನೋಟಿಸ್ ಬೇಕಾಗಬಹುದು. ಕಾಣೆಯಾದವರನ್ನು ಹುಡುಕಲೆಂದೇ ಇರುವ ಈ ನೋಟಿಸನ್ನು ಕುಟುಂಬದವರು ನೇರವಾಗಿ ಕೋರಲಾಗದು. ನಮ್ಮ ದೇಶದಲ್ಲಿ ಇಂಟರ್‌ಪೋಲ್ ವ್ಯವಹಾರ ಸಿಬಿಐ ಬಳಿ ಇದೆ, ರಾಜ್ಯದ ಪೊಲೀಸರು ಅದರ ಮೂಲಕ ಹೋಗಬೇಕು. 2025ರ ಜನವರಿಯಲ್ಲಿ ‘ಭಾರತ್‌ಪೋಲ್’ ಪೋರ್ಟಲ್ ಬಂದ ಮೇಲೆ ಈ ಕೋರಿಕೆ ಆನ್‌ಲೈನ್‌ನಲ್ಲೇ ಸಾಗುತ್ತದೆ.

ಸಾಮಾಜಿಕ ಜಾಲತಾಣದಲ್ಲಿ ಫೋಟೋ ಹಾಕುವುದಾದರೆ ಪಾಸ್‌ಪೋರ್ಟ್ ಪುಟ ಹಾಕಬೇಡಿ. ನಿಮ್ಮ ಸ್ವಂತ ನಂಬರಿನ ಬದಲು ಅಲ್ಲಿನ ಪೊಲೀಸರ ನಂಬರ್ ಕೊಡಿ. ‘ನಿಮ್ಮ ತಾಯಿ ನಮ್ಮ ಬಳಿ ಇದ್ದಾರೆ, ಹಣ ಕಳುಹಿಸಿ’ ಎಂಬ ಕರೆ ಬಂದರೆ ಅವರ ಧ್ವನಿ ಕೇಳಿಸಲು ಹೇಳಿ, ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ, ಕೂಡಲೇ ಪೊಲೀಸರಿಗೆ ತಿಳಿಸಿ. ಹಣ ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಿಕ್ಕ ಮೇಲೆ

ಬೈಯಬೇಡಿ. ಅವರಿಗೆ ಆಗಲೇ ಸಾಯುವಷ್ಟು ನಾಚಿಕೆಯಾಗಿರುತ್ತದೆ. ನೀರು, ಊಟ, ಮಾತ್ರೆ, ವೈದ್ಯರ ತಪಾಸಣೆ, ನಂತರ ನಿದ್ದೆ. ಪಾಸ್‌ಪೋರ್ಟ್ ಕಳೆದಿದ್ದರೆ ರಾಯಭಾರ ಕಚೇರಿ ಭಾರತಕ್ಕೆ ಮರಳಲು ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರ ಕೊಡುತ್ತದೆ. ದೂರು ಕೊಟ್ಟ ಪ್ರತಿಯೊಂದು ಕಡೆಗೂ ಸಿಕ್ಕ ಸುದ್ದಿ ತಿಳಿಸಿ.

ಹೊರಡುವ ಮುನ್ನ ಹತ್ತು ನಿಮಿಷ

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನ ಬಾಗಿಲಲ್ಲಿ ಎಲ್ಲರೂ ಸೆಲ್ಫಿ ತೆಗೆಯುತ್ತೇವೆ. ಅದರ ಜೊತೆಗೆ ಅವರೊಬ್ಬರನ್ನೇ ನಿಲ್ಲಿಸಿ ತಲೆಯಿಂದ ಪಾದದವರೆಗೆ ಒಂದು ಫೋಟೋ, ಕೈಚೀಲದ್ದು ಒಂದು ಫೋಟೋ ತೆಗೆಯಿರಿ. ಗಾಲಿಕುರ್ಚಿಯ ಸೇವೆಯನ್ನು ಟಿಕೆಟ್ ಜೊತೆಗೇ ಕೇಳಿಡಿ. ‘ನಾನೇನು ಕುಂಟಿಯೇ’ ಎಂದು ಅವರು ಮುನಿಸಿಕೊಳ್ಳಬಹುದು. ಆ ಸೇವೆಯಲ್ಲಿ ಅವರನ್ನು ಮುಂದಿನ ವಿಮಾನದ ಬಾಗಿಲಿಗೆ ಕರೆದೊಯ್ಯುವ ಹೊಣೆ ಒಬ್ಬರ ಮೇಲಿರುತ್ತದೆ ಎಂದು ತಿಳಿಸಿ ಹೇಳಿ. ಚಾರ್ಜರ್ ಮತ್ತು ಮೂರು ದಿನದ ಮಾತ್ರೆ ಕೈಚೀಲದಲ್ಲೇ ಇರಲಿ.

ಒಂದು ಮಾತನ್ನು ಬಾಯಿಪಾಠ ಮಾಡಿಸಿ: ದಾರಿ ತಪ್ಪಿದರೆ ನಡೆಯಬೇಡಿ, ಸಮವಸ್ತ್ರದವರ ಕಣ್ಣಿಗೆ ಬೀಳುವಲ್ಲಿ ಕುಳಿತು ಚೀಟಿ ತೋರಿಸಿ. ‘ಯಾರಿಗೂ ತೊಂದರೆ ಕೊಡಬಾರದು’ ಎಂದು ಬೆಳೆದ ಆ ತಲೆಮಾರಿಗೆ ಕೇಳುವುದೇ ಕಷ್ಟ. ಚೀಟಿ ಅವರ ಪರವಾಗಿ ಕೇಳುತ್ತದೆ. ಅದರಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ‘ಕನ್ನಡ ಮಾತನಾಡುತ್ತಾರೆ’ ಎಂಬ ಸಾಲು, ಕಾಯಿಲೆ, ಮಾತ್ರೆ, ಇಳಿಯುವ ವಿಳಾಸ, ಪ್ಲಸ್ ಗುರುತು ಮತ್ತು ದೇಶದ ಕೋಡ್ ಸಹಿತ ಎರಡು ಫೋನ್ ನಂಬರ್ ಇರಲಿ. ಇಂಗ್ಲಿಷಿನಲ್ಲೂ, ಹೋಗುವ ದೇಶದ ಭಾಷೆಯಲ್ಲೂ ಬರೆಸಿ.

ದೊಡ್ಡಮ್ಮ ಹೋದ ವರ್ಷ ಮತ್ತೆ ಹೋಗಿ ಬಂದರು, ಒಬ್ಬರೇ. ಲ್ಯಾಮಿನೇಟ್ ಮಾಡಿಸಿದ ಚೀಟಿಯನ್ನು ಕೊರಳಿಗೆ ಹಾಕಿಕೊಳ್ಳಲು ಒಪ್ಪಲಿಲ್ಲ. ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದಾರೆ, ಡೈರಿಯಲ್ಲಿ ಮಗನ ನಂಬರಿನ ಕೆಳಗೆ ಅದೇ ನಂಬರನ್ನು ಇಂಗ್ಲಿಷ್ ಅಂಕಿಗಳಲ್ಲಿ ತಾವೇ ಬರೆದುಕೊಂಡಿದ್ದಾರೆ.