ಹ್ಯಾಂಗರ್ ತುಂಬಿದ್ದರೆ ವಿಮಾನ ಹೊರಬೀಳುವುದಿಲ್ಲ

ಯುದ್ಧವಿಮಾನಗಳನ್ನು ಬಿಚ್ಚಿ, ಪರೀಕ್ಷಿಸಿ, ದುರಸ್ತಿ ಮಾಡುವ ಓವರ್‌ಹಾಲ್ ಡಿಪೋದಲ್ಲಿ ಯೋಜನಾ ವಿಭಾಗ ನನ್ನ ಪಾಲಿಗೆ ಬಂದಾಗ ಹ್ಯಾಂಗರ್ ಕಿಕ್ಕಿರಿದಿತ್ತು. ಎಲ್ಲರ ಕೈಯಲ್ಲೂ ಕೆಲಸವಿದೆ ಎಂದು ಮೇಲಿನವರಿಗೆ ಸಮಾಧಾನ. ಕೆಲಸ ಮುಗಿಸಿ ಹೊರಟ ವಿಮಾನಗಳು ಮಾತ್ರ ಬೆರಳೆಣಿಕೆಯಷ್ಟು.

ಈ ಕೆಲಸದ ತೊಡಕೇ ಬೇರೆ. ಬಿಚ್ಚಿ ನೋಡುವ ತನಕ ಕೆಲಸ ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಬಣ್ಣ ಕೆರೆದು, ರೆಕ್ಕೆಯ ಪ್ಯಾನೆಲ್ ತೆಗೆದು, ಬೋಲ್ಟ್ ರಂಧ್ರದೊಳಗೆ ಎಡ್ಡಿ ಕರೆಂಟ್ ಪ್ರೋಬ್ (ಲೋಹದಲ್ಲಿ ಸುಳಿಯುವ ವಿದ್ಯುತ್ತಿನಿಂದ ಬಿರುಕು ಪತ್ತೆಹಚ್ಚುವ ಕಡ್ಡಿ) ತಿರುಗಿಸುವಾಗ ಪರದೆಯ ಗೆರೆ ಚಂಗನೆ ಜಿಗಿಯುತ್ತದೆ: ಕಣ್ಣಿಗೆ ಕಾಣದ ಬಿರುಕು. ಬಿರುಕು ಹೋಗುವಂತೆ ರಂಧ್ರವನ್ನು ಎಷ್ಟು ಹಿಗ್ಗಿಸಬಹುದು, ವಿನ್ಯಾಸದವರು ಒಪ್ಪುವರೇ, ಆ ಅಳತೆಯ ಬೋಲ್ಟ್ ಉಗ್ರಾಣದಲ್ಲಿದೆಯೇ? ಉತ್ತರ ಬರುವವರೆಗೆ ವಿಮಾನ ಜಾಕ್ ಮೇಲೇ ನಿಂತಿರುತ್ತದೆ. ಆದ್ದರಿಂದ ಬಿಚ್ಚುವ ಮತ್ತು ಪರೀಕ್ಷಿಸುವ ಕೆಲಸವನ್ನೆಲ್ಲ ಆರಂಭದಲ್ಲೇ ಮುಗಿಸಿ, ಬೇಕಾದ ಬಿಡಿಭಾಗಗಳ ಬೇಡಿಕೆಯನ್ನು ಆಗಲೇ ಕಳುಹಿಸುವ ಕ್ರಮ ತಂದೆ.

ಇದಕ್ಕಿಂತ ಹಟಮಾರಿ ರೋಗವೆಂದರೆ ಒಂದು ವಿಮಾನದಿಂದ ಕಿತ್ತು ಇನ್ನೊಂದಕ್ಕೆ ಹಾಕುವುದು. ಸಾಲ ತೀರಿಸಲು ಸಾಲ ಮಾಡಿದಂತೆ. ರೆಕ್ಕೆಯ ಫಲಕದಂಥವನ್ನು ಚಲಿಸುವ ಒಂದೇ ಆಕ್ಚುಯೇಟರಿಗೆ ಎರಡು ಸಲ ಬಿಚ್ಚುವಿಕೆ, ಎರಡು ಸಲ ಜೋಡಣೆ, ಎರಡು ಸಲ ಪರೀಕ್ಷೆ. ನಡುವೆ ಪೈಪಿನ ತುದಿಗೋ ಸೀಲಿಗೋ ಪೆಟ್ಟು. ಬದಲಿ ಭಾಗ ಬರುವ ದಿನಾಂಕ ಬರೆದು ನನ್ನ ಸಹಿ ಪಡೆಯದೆ ಏನನ್ನೂ ಕೀಳಬಾರದು ಎಂದೆ. ಹಾಗೆ ಕೀಳಲು ಬರುವ ಬೇಡಿಕೆ ತಾನಾಗಿಯೇ ಇಳಿಯಿತು.

ಆಮೇಲೆ, ಇರುವ ಕೈಗಳು ಹತ್ತಾರು ಕಡೆ ಹಂಚಿಹೋಗದಿರಲೆಂದು, ಒಳಗೆ ಬರುವ ವಿಮಾನಗಳನ್ನೇ ಕಡಿಮೆ ಮಾಡಿದೆ. ಮೇಸ್ತ್ರಿಗಳು ಗೊಣಗಿದರು, ವಿಮಾನಗಳನ್ನು ಹಾರಿಸುವ ಸ್ಕ್ವಾಡ್ರನ್‌ಗಳು ಸಿಟ್ಟಾದವು. ಅಮೆರಿಕದ ವಾಯುಪಡೆಯ ವಾರ್ನರ್ ರಾಬಿನ್ಸ್ ಡಿಪೋದ ಲೆಕ್ಕವನ್ನು ಅವರ ಮುಂದಿಟ್ಟೆ: ಅಲ್ಲಿ ದುರಸ್ತಿಯಲ್ಲಿದ್ದ ಸಿ-5 ಸಾಗಣೆ ವಿಮಾನಗಳನ್ನು 12ರಿಂದ 7ಕ್ಕೆ ಇಳಿಸಿದಾಗ ಒಂದೊಂದಕ್ಕೆ ಹಿಡಿಯುತ್ತಿದ್ದ 240 ದಿನ 160ಕ್ಕೆ ಬಂದಿತ್ತು; 2006ರಲ್ಲಿ ಆ ಕೆಲಸಕ್ಕೆ, ಲೆಕ್ಕಾಚಾರದಿಂದ ಕೆಲಸದ ಯೋಜನೆ ಸುಧಾರಿಸಿದವರಿಗೆ ಕೊಡುವ ಎಡೆಲ್ಮನ್ ಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಸ್ಕ್ವಾಡ್ರನ್ ಎಂಜಿನಿಯರುಗಳನ್ನು ಒಪ್ಪಿಸಿದ್ದು ಬೇರೆ ಮಾತು: ಸರದಿಗೆ ಕಾಯುವ ವಿಮಾನ, ಓವರ್‌ಹಾಲ್‌ಗೆ ಮುನ್ನ ಹಾರಬಹುದಾದ ಗಂಟೆಗಳು ಉಳಿದಿದ್ದರೆ, ನಿಮ್ಮಲ್ಲೇ ಹಾರುತ್ತಿರುತ್ತದೆ, ನಮ್ಮಲ್ಲಿ ಬಿಚ್ಚಿ ಕಾಯುವ ವಿಮಾನ ಯಾರಿಗೂ ಇಲ್ಲ.

ಉಪಕರಣಗಳ ಶಿಸ್ತು ಮೊದಲೇ ಚೆನ್ನಾಗಿತ್ತು. ಪ್ರತಿ ಸ್ಪ್ಯಾನರಿಗೂ ಹಲಗೆಯ ಮೇಲೆ ಅದರದೇ ಆಕಾರದ ಗುರುತು. ಒಂದು ಗುರುತು ಖಾಲಿಯಿದ್ದರೂ, ಆ ಉಪಕರಣ ವಿಮಾನದೊಳಗೇ ಉಳಿದಿರಬಹುದೆಂದು, ಪ್ಯಾನೆಲ್ ಮುಚ್ಚುವಂತಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟೆ.

ಈಗಲೂ ಜಗಳವಿದೆ, ಯಾರ ವಿಮಾನ ಮೊದಲು ಎಂದು. ಅದರಿಂದ ಒಂದು ಲಾಭವಾಗಿದೆ: ಯಾವ ವಿಮಾನಕ್ಕೆ ಎಷ್ಟು ಹಾರಾಟದ ಗಂಟೆ ಉಳಿದಿದೆ ಎಂಬ ಪಟ್ಟಿಯನ್ನು ಸ್ಕ್ವಾಡ್ರನ್‌ಗಳು ಕೇಳುವ ಮೊದಲೇ ಕಳುಹಿಸುತ್ತವೆ.